ಸಾಂಬ್ರಾದ ಹುಡುಗನಿಗೆ ಆದೇಶ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕ. ಮಗ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಮುಂದಿನ ತಿಂಗಳಿಗೆ 18 ತುಂಬುತ್ತದೆ. ಚಿಕ್ಕಂದಿನಿಂದಲೂ ವಾಯುಪಡೆಯದ್ದೇ ಧ್ಯಾನ. ತರಬೇತಿ ಅಕಾಡೆಮಿಯೊಂದರವರು, ‘ಮೊದಲು ಅಗ್ನಿವೀರವಾಯು (ವಾಯುಪಡೆಯ ನಾಲ್ಕು ವರ್ಷದ ಸೇವೆ) ಆಗಲಿ, ಒಳಗೆ ಹೋದ ಮೇಲೆ ಇಲಾಖಾ ಪರೀಕ್ಷೆ ಬರೆದು ಪೈಲಟ್ ಆಗುತ್ತಾನೆ’ ಎನ್ನುತ್ತಿದ್ದಾರೆ. ಅದಕ್ಕೆ 80 ಸಾವಿರ ಶುಲ್ಕ. ನನ್ನ ಹೆಂಡತಿಯ ಅಣ್ಣ, ‘ಬೆಳಗಾವಿ ಹತ್ತಿರದ ಸಾಂಬ್ರಾ ತರಬೇತಿ ಶಾಲೆ ದಕ್ಷಿಣ ಕಮಾಂಡಿಗೆ ಸೇರಿದ್ದು, ಅಲ್ಲಿ ತರಬೇತಿಯಾದವರಿಗೆ ದಕ್ಷಿಣದಲ್ಲೇ ಪೋಸ್ಟಿಂಗ್, ಚಿಂತೆ ಬೇಡ’ ಎನ್ನುತ್ತಾರೆ. ನಮ್ಮೂರಿನ ಮಾಜಿ ಸೈನಿಕರೊಬ್ಬರು, ‘ಸಿಡಿಎಸ್ (ಚೀಫ್ ಆಫ್ ಡಿಫೆನ್ಸ್ ಸ್ಟಾಫ್) ಬಂದ ಮೇಲೆ ವಾಯುಪಡೆ ಭೂಸೇನೆಯ ಕೈಕೆಳಗೆ ಹೋಗಿದೆ, ಅಲ್ಲಿ ಈಗ ಭವಿಷ್ಯವಿಲ್ಲ’ ಎನ್ನುತ್ತಾರೆ. ಯಾರ ಮಾತು ನಂಬುವುದು? ನನ್ನ ಮಗ ಅಲ್ಲಿ ಯಾರ ಕೈಕೆಳಗೆ ಇರುತ್ತಾನೆ, ಅವನಿಗೆ ಕೆಲಸ ಹೇಳುವವರು ಯಾರು?

ಉತ್ತರ: ಮೂರು ಜನ ಮೂರು ಮಾತು ಹೇಳಿದ್ದಾರೆ. ಮೂವರ ಮಾತಿನಲ್ಲೂ ಒಂದು ಚೂರು ನಿಜವಿದೆ, ಅದಕ್ಕೇ ನಿಮಗೆ ಗೊಂದಲ. ಪೂರ್ತಿ ಸುಳ್ಳಾಗಿದ್ದರೆ ನೀವೇ ತಳ್ಳಿಹಾಕುತ್ತಿದ್ದಿರಿ.

ನನ್ನ ವಿಷಯ ಎರಡು ಮಾತು. ನಾನೂ ಸಾಂಬ್ರಾದ ಪರೇಡ್ ಮೈದಾನದಲ್ಲಿ ಏರ್‌ಮನ್ (ಅಧಿಕಾರಿ ದರ್ಜೆಗಿಂತ ಕೆಳಗಿನ ಸಿಬ್ಬಂದಿ) ಆಗಿ ಬೂಟು ಸವೆಸಿದವನೇ. ಮುಂದೆ ಅಧಿಕಾರಿಯಾಗಿ ಆಯ್ಕೆಯಾದೆ. ಫೈಟರ್ ಕಂಟ್ರೋಲರ್ ಕೆಲಸ ಮಾಡಿ, ಅಂದರೆ ರೇಡಾರ್ ಮುಂದೆ ಕುಳಿತು ಯುದ್ಧವಿಮಾನಗಳಿಗೆ ದಾರಿ ಹೇಳಿ, ವಿಂಗ್ ಕಮಾಂಡರ್ ಆಗಿ ನಿವೃತ್ತನಾದೆ. ವಿಮಾನ ಹಾರಿಸಿದವನಲ್ಲ. ಆದರೆ ಆದೇಶ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅದರ ದಾರಿಯ ಮಧ್ಯದಲ್ಲೇ ಕುಳಿತು ನೋಡಿದ್ದೇನೆ.

ಮೊದಲು ನಿಮ್ಮ ಭಾವನವರ ಮಾತು. ವಾಯುಪಡೆಯಲ್ಲಿ ಏಳು ಕಮಾಂಡುಗಳಿವೆ, ಅಂದರೆ ಏಳು ದೊಡ್ಡ ವಿಭಾಗಗಳು. ಐದು ಕಾರ್ಯಾಚರಣೆಯವು: ಪಶ್ಚಿಮ ಕಮಾಂಡ್ ದೆಹಲಿಯಲ್ಲಿ, ನೈಋತ್ಯ ಗಾಂಧಿನಗರದಲ್ಲಿ, ಮಧ್ಯ ಪ್ರಯಾಗರಾಜ್‌ನಲ್ಲಿ, ಪೂರ್ವ ಶಿಲ್ಲಾಂಗ್‌ನಲ್ಲಿ, ದಕ್ಷಿಣ ತಿರುವನಂತಪುರದಲ್ಲಿ. ಉಳಿದೆರಡಕ್ಕೆ ದಿಕ್ಕಿಲ್ಲ, ಕೆಲಸವಿದೆ. ನಾಗ್ಪುರದ ಮೇಂಟೆನೆನ್ಸ್ ಕಮಾಂಡ್ ವಿಮಾನಗಳ ದೊಡ್ಡ ದುರಸ್ತಿ, ಬಿಡಿಭಾಗ, ಉಗ್ರಾಣಗಳನ್ನು ನೋಡಿಕೊಳ್ಳುತ್ತದೆ. ಬೆಂಗಳೂರಿನ ಟ್ರೇನಿಂಗ್ ಕಮಾಂಡ್ ಮನುಷ್ಯರನ್ನು ತಯಾರು ಮಾಡುತ್ತದೆ. ಸಾಂಬ್ರಾದ ಏರ್‌ಮನ್ ತರಬೇತಿ ಶಾಲೆ ಈ ಟ್ರೇನಿಂಗ್ ಕಮಾಂಡಿಗೆ ಸೇರಿದ್ದು. ನೆಲ ದಕ್ಷಿಣದ್ದಾದರೂ ಲೆಕ್ಕ ದಕ್ಷಿಣ ಕಮಾಂಡಿನದಲ್ಲ. ಬೀದರಿನಲ್ಲಿ ಹಾಕ್ ವಿಮಾನಗಳ ಮೇಲೆ ಯುದ್ಧವಿಮಾನದ ಪೈಲಟ್‌ಗಳು ಕಲಿಯುತ್ತಾರಲ್ಲ, ಆ ನೆಲೆಯೂ ಟ್ರೇನಿಂಗ್ ಕಮಾಂಡಿನದೇ.

ಶಾಲೆ ಯಾವ ಕಮಾಂಡಿನದು ಎಂಬುದಕ್ಕೂ ಹುಡುಗನ ಪೋಸ್ಟಿಂಗ್‌ಗೂ ಸಂಬಂಧವೇ ಇಲ್ಲ. ಏರ್‌ಮನ್‌ಗಳ ಪೋಸ್ಟಿಂಗ್ ನಿರ್ಧಾರವಾಗುವುದು ದೆಹಲಿಯ ರೆಕಾರ್ಡ್ ಆಫೀಸಿನಲ್ಲಿ, ಆಯಾ ಟ್ರೇಡಿನಲ್ಲಿ (ಕೆಲಸದ ವಿಭಾಗದಲ್ಲಿ) ಎಲ್ಲಿ ಜಾಗ ಖಾಲಿ ಇದೆ ಎಂಬುದರ ಮೇಲೆ. ನನ್ನ ತಂಡದಲ್ಲಿ ಗೋಕಾಕದ ಹುಡುಗನೊಬ್ಬನಿದ್ದ. ಜೋಳದ ರೊಟ್ಟಿ ಬಿಟ್ಟರೆ ಬೇರೆ ಊಟ ಸೇರದವನು. ತರಬೇತಿ ಮುಗಿದೊಡನೆ ಅವನನ್ನು ಅಸ್ಸಾಮಿಗೆ ಕಳುಹಿಸಿದರು. ಆರು ತಿಂಗಳಿಗೆ ಮೀನು, ಅನ್ನ ಎರಡನ್ನೂ ಒಗ್ಗಿಸಿಕೊಂಡ. ಮನೆಯ ಹತ್ತಿರ ಇರುತ್ತಾನೆ ಎಂಬ ಲೆಕ್ಕದಲ್ಲಿ ಕಳುಹಿಸುವುದಾದರೆ ಕಳುಹಿಸಬೇಡಿ.

ಇನ್ನು ‘ಕೆಲಸ ಹೇಳುವವರು ಯಾರು’ ಎಂಬ ನಿಮ್ಮ ಪ್ರಶ್ನೆ. ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದೇ. ವಾಯುಪಡೆಯಲ್ಲಿ ನಿನ್ನನ್ನು ಸಾಕುವವರು ಬೇರೆ, ನಿನ್ನನ್ನು ಕೆಲಸಕ್ಕೆ ಹಚ್ಚುವವರು ಬೇರೆ ಆಗಿರಬಹುದು. ಹೊರಗಿನವರಿಗೆ ಇದು ಅರ್ಥವಾಗದೇ ಇರುವುದರಿಂದಲೇ ಇಷ್ಟೆಲ್ಲ ಊಹೆ ಹುಟ್ಟುವುದು.

ಉದಾಹರಣೆಗೆ 2019ರ ಫೆಬ್ರವರಿ 26ರ ಬಾಲಾಕೋಟ್ ದಾಳಿಯನ್ನೇ ತೆಗೆದುಕೊಳ್ಳಿ. ಆ ಮಿರಾಜ್-2000 ವಿಮಾನಗಳ ಮನೆ ಗ್ವಾಲಿಯರ್. ಗ್ವಾಲಿಯರ್ ಇರುವುದು ಮಧ್ಯ ಕಮಾಂಡಿನಲ್ಲಿ. ಆದರೆ ದಾಳಿಯ ಹೊಣೆ ಇದ್ದದ್ದು ಪಶ್ಚಿಮ ಕಮಾಂಡಿನ ಮೇಲೆ, ಏಕೆಂದರೆ ಆ ಗಡಿ, ಆ ಆಕಾಶ ಅದರದ್ದು. 1999ರಲ್ಲಿ ಕಾರ್ಗಿಲ್‌ನಲ್ಲೂ ಹೀಗೆಯೇ: ಗ್ವಾಲಿಯರ್‌ನ ಮಿರಾಜ್‌ಗಳು ಪಂಜಾಬಿನ ಆದಂಪುರಕ್ಕೆ ಬಂದು, ಅಲ್ಲಿಂದ ಎದ್ದು ಟೈಗರ್ ಹಿಲ್ ಮೇಲೆ ಲೇಸರ್ ಮಾರ್ಗದರ್ಶಿ ಬಾಂಬು ಹಾಕಿದವು. ಭೂಸೇನೆಯ ಬೆಟಾಲಿಯನ್ನನ್ನು ಒಂದು ಗಡಿಯಿಂದ ಇನ್ನೊಂದಕ್ಕೆ ಸಾಗಿಸಲು ರೈಲು ಬೇಕು, ದಿನಗಳು ಬೇಕು. ವಿಮಾನ ಒಂದೇ ದಿನದಲ್ಲಿ ಒಂದು ಕಮಾಂಡಿನ ಅಂಗಳದಿಂದ ಇನ್ನೊಂದರ ಅಂಗಳಕ್ಕೆ ಹೋಗಿಬಿಡುತ್ತದೆ. ಇರುವ ವಿಮಾನಗಳೂ ಕಡಿಮೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ, ಮಂಜೂರಾದ 42 ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಎದುರು ಉಳಿದದ್ದು 29. ಒಂದು ಸ್ಕ್ವಾಡ್ರನ್ ಎಂದರೆ ಸಾಮಾನ್ಯವಾಗಿ 16ರಿಂದ 18 ವಿಮಾನ. ಹೀಗಿರುವಾಗ ‘ಇದು ನನ್ನದು, ಕೊಡುವುದಿಲ್ಲ’ ಎಂದು ಯಾವ ಕಮಾಂಡೂ ಕೂರುವ ಹಾಗಿಲ್ಲ.

ಸಾಂಬ್ರಾವೇ ಇದಕ್ಕೆ ಹಳೆಯ ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ ನೆಲೆ ಅದು. ಗೋವಾ ವಿಮೋಚನೆಯ ವೇಳೆ, 1961ರ ಡಿಸೆಂಬರ್ 18ರ ಬೆಳಿಗ್ಗೆ, ಪುಣೆಯಿಂದ ಎದ್ದ ಬಾಂಬರ್ ವಿಮಾನ ಕ್ಯಾನ್‌ಬೆರಾಗಳು ದಾಬೋಲಿಮ್ ರನ್‌ವೇ ಮೇಲೆ ಬಾಂಬು ಹಾಕಿದವು. ಸಾಂಬ್ರಾದಿಂದ ಎದ್ದ ಆರು ಹಂಟರ್ ಯುದ್ಧವಿಮಾನಗಳು ಬಾಂಬೋಲಿಮ್‌ನ ನಿಸ್ತಂತು ಕೇಂದ್ರವನ್ನು ಮುರಿದವು. ಆ ಹಂಟರ್‌ಗಳು ಬೆಳಗಾವಿಯವಲ್ಲ. ಆ ಕೆಲಸಕ್ಕೆಂದು ಬಂದು ನಿಂತವು. ಕಾರ್ಯಾಚರಣೆಯ ವಾಯುದಳವನ್ನು ನಡೆಸಿದವರು ಆಪರೇಷನಲ್ ಕಮಾಂಡಿನ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ. ಆ ಕಮಾಂಡೇ ಮುಂದೆ ಪಶ್ಚಿಮ ಕಮಾಂಡ್ ಆಯಿತು. ನೆಲ ಒಬ್ಬರದು, ವಿಮಾನ ಇನ್ನೊಬ್ಬರದು, ಆದೇಶ ಮೂರನೆಯವರದು. ಬೆಳಗಾವಿಯ ಹಳೆಯ ಮಂದಿ ಆ ಬೆಳಗಿನ ಸದ್ದನ್ನು ನೆನೆಯುತ್ತಿದ್ದುದನ್ನು ನಾನು ತರಬೇತಿಯ ದಿನಗಳಲ್ಲಿ ಕೇಳಿದ್ದೇನೆ.

ನಿಮ್ಮ ತಾಲ್ಲೂಕಿನ ನೆನಪಿಗೇ ಹತ್ತಿರದ್ದು ಬೇಕೆಂದರೆ 2019ರ ಆಗಸ್ಟ್. ಘಟಪ್ರಭೆ, ಕೃಷ್ಣೆ ಎರಡೂ ಏರಿ ಬಂದಾಗ ನಮ್ಮ ಜಿಲ್ಲೆಗಳಲ್ಲಿ ವಾಯುಪಡೆಯ ಹೆಲಿಕಾಪ್ಟರ್‌ಗಳು ಜನರನ್ನು ಎತ್ತಿಕೊಂಡವು. ‘ಸಾಂಬ್ರಾದ ಹೆಲಿಕಾಪ್ಟರ್’ ಎಂದು ಜನ ಅಂದರು. ಸಾಂಬ್ರಾದಲ್ಲಿರುವುದು ಶಾಲೆ, ಹೆಲಿಕಾಪ್ಟರ್ ದಳದ ಮನೆ ಬೇರೆ ಕಡೆ. ಜಿಲ್ಲಾಡಳಿತ ರಾಜ್ಯವನ್ನು ಕೇಳುತ್ತದೆ, ರಾಜ್ಯ ಕೇಂದ್ರವನ್ನು ಕೇಳುತ್ತದೆ, ವಾಯುಪಡೆ ಯಾವ ಘಟಕ ಹತ್ತಿರವಿದೆ, ಯಾವುದು ಹಾರಲು ಸಿದ್ಧವಿದೆ ಎಂದು ನೋಡಿ ಕಳುಹಿಸುತ್ತದೆ. ನೀರು ಮನೆಯೊಳಗೆ ಬಂದಾಗ ಈ ಸುತ್ತು ಬಹಳ ಉದ್ದ ಎನ್ನಿಸುತ್ತದೆ, ನಿಜ. ಕಾಗದ ತಡವಾದರೂ ಫೋನು ಮೊದಲೇ ಓಡಿರುತ್ತದೆ ಎಂಬುದು ಒಳಗಿದ್ದವರಿಗೆ ಗೊತ್ತು.

ಈಗ ಮಾಜಿ ಸೈನಿಕರ ಮಾತು. ಚೀಫ್ ಆಫ್ ಡಿಫೆನ್ಸ್ ಸ್ಟಾಫ್ ಹುದ್ದೆ 2020ರ ಜನವರಿ 1ರಿಂದ ಇದೆ. ಮೊದಲನೆಯವರು ಜನರಲ್ ಬಿಪಿನ್ ರಾವತ್. ಈ ಹುದ್ದೆಯನ್ನು ರಚಿಸುವಾಗಲೇ ಸರ್ಕಾರ ಸ್ಪಷ್ಟಪಡಿಸಿದ ಮಾತೆಂದರೆ, ಸಿಡಿಎಸ್ ಮೂರೂ ಪಡೆಗಳ ಮುಖ್ಯಸ್ಥರ ಮೇಲೆ ಸೈನಿಕ ಆಜ್ಞಾಧಿಕಾರ ನಡೆಸುವುದಿಲ್ಲ. ಅವರು ರಕ್ಷಣಾ ಸಚಿವರಿಗೆ ಮೂರೂ ಪಡೆಗಳ ವಿಷಯದಲ್ಲಿ ಪ್ರಧಾನ ಸಲಹೆಗಾರರು, ಸೈನಿಕ ವ್ಯವಹಾರಗಳ ಇಲಾಖೆಯ ಮುಖ್ಯಸ್ಥರು, ಮೂರೂ ಮುಖ್ಯಸ್ಥರ ಸಮಿತಿಯ ಖಾಯಂ ಅಧ್ಯಕ್ಷರು. ವಾಯುಪಡೆಗೆ ತನ್ನದೇ ಮುಖ್ಯಸ್ಥರಿದ್ದಾರೆ. 2024ರ ಸೆಪ್ಟೆಂಬರ್ 30ರಂದು ಆ ಸ್ಥಾನಕ್ಕೆ ಬಂದವರು ಏರ್ ಚೀಫ್ ಮಾರ್ಷಲ್ ಎ. ಪಿ. ಸಿಂಗ್.

ಹಾಗಾದರೆ ಅವರ ಅನುಮಾನ ಎಲ್ಲಿಂದ ಬಂತು? ಮೂರೂ ಪಡೆಗಳನ್ನು ಒಂದೊಂದು ರಂಗಕ್ಕೆ ಒಬ್ಬ ದಂಡನಾಯಕನ ಅಡಿಯಲ್ಲಿ ತರುವ ಥಿಯೇಟರ್ ಕಮಾಂಡ್ ಚರ್ಚೆ ವರ್ಷಗಳಿಂದ ನಡೆದಿದೆ. ಜಂಟಿ ಸಂಸ್ಥೆಗಳ ಮುಖ್ಯಸ್ಥರಿಗೆ ಅಲ್ಲಿರುವ ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಶಿಸ್ತಿನ ಅಧಿಕಾರ ಕೊಡುವ ಕಾನೂನು 2023ರಲ್ಲಿ ಆಗಿ, 2024ರ ಮೇ 10ರಿಂದ ಜಾರಿಯಲ್ಲಿದೆ. ವಾಯುಪಡೆ ಈ ಚರ್ಚೆಯಲ್ಲಿ ಹಿಂಜರಿದದ್ದೂ ಹೌದು. ಅದರ ವಾದ ಮೇಲೆ ಹೇಳಿದ ಲೆಕ್ಕವೇ: ಇರುವ ಸ್ಕ್ವಾಡ್ರನ್‌ಗಳನ್ನು ರಂಗಗಳಿಗೆ ಹಂಚಿ ಕಟ್ಟಿಹಾಕಿದರೆ, ಬೇಕಾದಾಗ ಬೇಕಾದಲ್ಲಿಗೆ ತಿರುಗಿಸುವುದು ಕಷ್ಟ. ನನಗೆ ಆ ವಾದ ಬಹುಮಟ್ಟಿಗೆ ಒಪ್ಪಿಗೆ. ನನ್ನ ಭೂಸೇನೆಯ ಗೆಳೆಯರಿಗೆ ಒಪ್ಪಿಗೆಯಿಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದ ಹತ್ತಿರ ಚಹಾ ಕುಡಿಯುತ್ತ ನಾವು ಈ ಜಗಳ ಆಡಿದಷ್ಟು ದೆಹಲಿಯವರೂ ಆಡಿರಲಿಕ್ಕಿಲ್ಲ. ಮುಂದೆ ಏನೇ ಆದರೂ ಹದಿನೆಂಟರ ಹುಡುಗನ ದಿನಚರಿ ಅದರಿಂದ ಬದಲಾಗುವುದಿಲ್ಲ. ಇಂಜಿನ್ ತೊಳೆಯುವ ಕೈಗೆ ಮೇಲಿನ ಸಾಹೇಬರ ಸಮವಸ್ತ್ರ ಯಾವ ಬಣ್ಣದ್ದಾದರೂ ಒಂದೇ.

ಯುದ್ಧದ ನಿರ್ಧಾರ ರಾಜಕೀಯ ನಾಯಕತ್ವದ್ದು, ಪ್ರಧಾನಿ ನೇತೃತ್ವದ ಭದ್ರತಾ ಸಂಪುಟ ಸಮಿತಿಯದ್ದು. ಕಾರ್ಗಿಲ್‌ನಲ್ಲಿ ವಾಯುಪಡೆಗೆ ಅನುಮತಿ ಸಿಕ್ಕಿದ್ದು ‘ನಿಯಂತ್ರಣ ರೇಖೆ ದಾಟಬಾರದು’ ಎಂಬ ಕಟ್ಟಿನೊಡನೆ. 1999ರ ಮೇ 26ರಿಂದ ಆ ಕಟ್ಟಿನೊಳಗೇ ಹಾರಾಟ ನಡೆಯಿತು. ಏನು ಮಾಡಬೇಕು, ಎಲ್ಲಿಯವರೆಗೆ ಎಂಬುದು ಮೇಲಿನಿಂದ ಬರುತ್ತದೆ. ವಾಯುಪಡೆಯ ಮುಖ್ಯಸ್ಥರಿಂದ ಆಯಾ ಕಮಾಂಡಿನ ಏರ್ ಮಾರ್ಷಲ್‌ಗೆ, ಅಲ್ಲಿಂದ ನೆಲೆಗೆ, ನೆಲೆಯಿಂದ ಸ್ಕ್ವಾಡ್ರನ್ನಿಗೆ ಇಳಿಯುತ್ತ, ಎಷ್ಟು ವಿಮಾನ, ಯಾವ ಆಯುಧ, ಎಷ್ಟು ಗಂಟೆಗೆ ಎಂಬುದು ಕೆಳಗೆ ತೀರ್ಮಾನವಾಗುತ್ತದೆ. ಆಕಾಶ ಕಾಯುವ ಕೆಲಸಕ್ಕೆ ಮಾತ್ರ ಇಷ್ಟು ಪುರಸೊತ್ತಿಲ್ಲ. ರೇಡಾರ್ ಪರದೆಯಲ್ಲಿ ಗುರುತಿಲ್ಲದ ಚುಕ್ಕೆ ಕಂಡರೆ, ರನ್‌ವೇ ಪಕ್ಕದಲ್ಲಿ ಪೈಲಟ್ ಸಮೇತ ಸಿದ್ಧವಾಗಿ ನಿಂತ ವಿಮಾನ ನಿಮಿಷಗಳಲ್ಲಿ ಮೇಲೆ ಏರಬೇಕು. ಆ ಅಧಿಕಾರ ಮೊದಲೇ ಕೆಳಗೆ ಕೊಟ್ಟಿರುತ್ತದೆ. ನನ್ನ ಜೀವನದ ಬಹುಪಾಲು ಈ ನಿಮಿಷಗಳನ್ನು ಕಾಯುವುದರಲ್ಲೇ ಹೋಯಿತು. ನೂರರಲ್ಲಿ ಬಹಳಷ್ಟು ಸಲ ಅದು ಕಾಗದಪತ್ರ ಹೊಂದದ ನಾಗರಿಕ ವಿಮಾನ ಆಗಿರುತ್ತಿತ್ತು. ಆದರೂ ಪ್ರತಿ ಸಲ ಅಂಗೈ ಬೆವರುತ್ತಿತ್ತು.

ಒಂದು ನೆಲೆಯೊಳಗೆ ಹೋಗಿ ನೋಡಿದರೆ, ಮುಖ್ಯಸ್ಥರಾಗಿ ಏರ್ ಕಮೊಡೋರ್ ಇಲ್ಲವೇ ಗ್ರೂಪ್ ಕ್ಯಾಪ್ಟನ್ ದರ್ಜೆಯವರಿರುತ್ತಾರೆ. ಅವರ ಕೆಳಗೆ ಮೂರು ಕೈಗಳು: ಹಾರಾಟ ನೋಡುವವರು, ಎಂಜಿನಿಯರಿಂಗ್ ನೋಡುವವರು, ಆಡಳಿತ ನೋಡುವವರು. ನಿಮ್ಮ ಮಗ ಏರ್‌ಮನ್ ಆಗಿ ಹೋದರೆ ಬಹುಶಃ ಎರಡನೆಯ ಅಥವಾ ಮೂರನೆಯ ಕೈಗೆ ಸೇರುತ್ತಾನೆ. ದಿನನಿತ್ಯ ಅವನಿಗೆ ಕೆಲಸ ಹೇಳುವವರು ಕಾರ್ಪೊರಲ್, ಸಾರ್ಜೆಂಟ್. ಅವನ ರಜೆ, ಊಟ, ವಸತಿಯ ತಕರಾರು ಕೇಳುವವರು ವಾರಂಟ್ ಆಫೀಸರ್. ಏರ್ ಮಾರ್ಷಲ್‌ರನ್ನು ಅವನು ಕಾಣುವುದು ಪರೇಡಿನ ದಿನ, ದೂರದಿಂದ.

ಭೂಸೇನೆಯ ಊರುಗಳಲ್ಲಿ ಬೆಳೆದ ನಮಗೆ ಈ ಹೆಸರುಗಳು ಎಡವಟ್ಟು ಮಾಡುತ್ತವೆ. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ, ಕ್ಯಾಪ್ಟನ್‌ಗಲ್ಲ. ಕ್ಯಾಪ್ಟನ್‌ಗೆ ಸಮ ಫ್ಲೈಟ್ ಲೆಫ್ಟಿನೆಂಟ್. ಸಾರ್ಜೆಂಟ್ ಎಂದರೆ ಹವಾಲ್ದಾರ್, ಮಾಸ್ಟರ್ ವಾರಂಟ್ ಆಫೀಸರ್ ಎಂದರೆ ಸುಬೇದಾರ್ ಮೇಜರ್. ಸ್ಕ್ವಾಡ್ರನ್ ಲೀಡರ್ ಎಂಬ ಹೆಸರಿದ್ದವರು ಸ್ಕ್ವಾಡ್ರನ್ನಿನ ಮುಖ್ಯಸ್ಥರಲ್ಲ. ಅವರು ಮೇಜರ್‌ಗೆ ಸಮ. ನನ್ನ ಸ್ವಂತ ಸೋದರಮಾವ, ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ‘ವಿಂಗ್ ಕ್ಯಾಪ್ಟನ್’ ಎಂದು ಅಚ್ಚು ಹಾಕಿಸಿದ್ದರು. ಅಂಥ ದರ್ಜೆ ಜಗತ್ತಿನಲ್ಲೇ ಇದ್ದಂತಿಲ್ಲ.

ಈಗ ಅಕಾಡೆಮಿಯ ಮಾತಿಗೆ ಬರೋಣ. ಇದರಲ್ಲಿ ಮೆದುವಾಗಿ ಹೇಳುವಂಥದ್ದೇನೂ ಇಲ್ಲ. ಅಗ್ನಿವೀರವಾಯು ಆಗಿ ಸೇರಿ ಇಲಾಖಾ ಪರೀಕ್ಷೆ ಬರೆದು ಪೈಲಟ್ ಆಗುವ ಬಾಗಿಲು ಇಲ್ಲ. ಪೈಲಟ್ ಎಂದರೆ ಅಧಿಕಾರಿ. ಅಧಿಕಾರಿಯ ಬಾಗಿಲು ಬೇರೆ, ಏರ್‌ಮನ್ ಬಾಗಿಲು ಬೇರೆ. ಒಳಗಿದ್ದವನು ಪೈಲಟ್ ಆಗಬೇಕೆಂದರೂ ಹೊರಗಿನವರು ಬರೆಯುವ ಪರೀಕ್ಷೆಯನ್ನೇ, ಅದೇ ವಯೋಮಿತಿಯೊಳಗೆ, ಅದೇ ಪದವಿಯೊಡನೆ ಬರೆಯಬೇಕು. ಆ ಅಕಾಡೆಮಿಯವರ ಮಾತಿನಲ್ಲಿರುವ ನಿಜದ ಚೂರು ಎರಡು: ನನ್ನಂತೆ ಏರ್‌ಮನ್ ಆಗಿದ್ದು ಅಧಿಕಾರಿಯಾದವರು ಇದ್ದಾರೆ, ಆದರೆ ನಾನು ಹೋದದ್ದು ನೆಲದ ಶಾಖೆಗೆ. ಮತ್ತೆ, ಸಾಗಣೆ ವಿಮಾನ, ಹೆಲಿಕಾಪ್ಟರ್‌ಗಳಲ್ಲಿ ಫ್ಲೈಟ್ ಎಂಜಿನಿಯರ್, ಗನ್ನರ್ ಆಗಿ ಹಾರುವ ಏರ್‌ಮನ್‌ಗಳಿದ್ದಾರೆ. ವಿಮಾನದಲ್ಲಿ ಹಾರುವುದೂ ವಿಮಾನ ಹಾರಿಸುವುದೂ ಒಂದೇ ಎಂದು ಮಾರುವವರಿಗೆ 80 ಸಾವಿರ ಕೊಡಬೇಡಿ.

ಹುಡುಗನ ಮುಂದಿರುವ ದಾರಿಗಳಲ್ಲಿ ಸಮಯ ಓಡುತ್ತಿರುವುದು ಎನ್‌ಡಿಎಗೆ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಅದೂ ಕೋರ್ಸ್ ಆರಂಭವಾಗುವ ದಿನಕ್ಕೆ ಲೆಕ್ಕ. ಪರೀಕ್ಷೆ ಅದಕ್ಕಿಂತ ಸುಮಾರು ಒಂಬತ್ತು ತಿಂಗಳು ಮೊದಲೇ ನಡೆಯುತ್ತದೆ. ಹಾಗಾಗಿ 18 ತುಂಬುವವನಿಗೆ ಕಾಣುವಷ್ಟು ಅವಕಾಶಗಳಿಲ್ಲ. ಒಂದು, ಹೆಚ್ಚೆಂದರೆ ಎರಡು. ಯುಪಿಎಸ್‌ಸಿ ವರ್ಷಕ್ಕೆರಡು ಸಲ ಪರೀಕ್ಷೆ ನಡೆಸುತ್ತದೆ. ಲಿಖಿತ ಪರೀಕ್ಷೆ ದಾಟಿದರೆ ಐದು ದಿನಗಳ ಆಯ್ಕೆ ಮಂಡಳಿ. ನಮಗೆ ಹತ್ತಿರದ್ದು ಮೈಸೂರಿನದು. ವಿಜಯಪುರದ ಸೈನಿಕ ಶಾಲೆಯ ಮಕ್ಕಳಿಗೆ ಈ ವಾತಾವರಣ ಆರನೇ ತರಗತಿಯಿಂದಲೇ ಸಿಕ್ಕಿರುತ್ತದೆ. ನಿಮ್ಮ ಮಗನಿಗೆ ಸಿಕ್ಕಿಲ್ಲ. ಅದು ಕೊರತೆ ಹೌದು, ಅಡ್ಡಗೋಡೆಯಲ್ಲ. ಪೈಲಟ್ ಯೋಗ್ಯತೆಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಮಾತ್ರ ಎಚ್ಚರ ಬೇಕು. ಅದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಅದರಲ್ಲಿ ಸೋತವನು ಮುಂದೆ ಯಾವ ದಾರಿಯಿಂದ ಬಂದರೂ ಪೈಲಟ್ ಆಗಲಾರ; ಬೇರೆ ಶಾಖೆಗಳು ತೆರೆದೇ ಇರುತ್ತವೆ.

ಎರಡನೆಯದು ಪದವಿ ಮುಗಿಸಿ ಎಎಫ್‌ಕ್ಯಾಟ್ (ವಾಯುಪಡೆಯ ಅಧಿಕಾರಿ ಹುದ್ದೆಗಳ ಪ್ರವೇಶ ಪರೀಕ್ಷೆ) ಬರೆಯುವುದು. ಹಾರಾಟ ಶಾಖೆಗೆ ವಯಸ್ಸು 20ರಿಂದ 24, ನೆಲದ ಶಾಖೆಗಳಿಗೆ 26ರವರೆಗೆ. ಹಾರಾಟಕ್ಕೆ ಪದವಿಯಲ್ಲಿ ಶೇ 60 ಅಂಕ, ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಬೇಕು. ಇದು ನಿಧಾನದ ದಾರಿ. ಆದರೆ ಕೈಯಲ್ಲಿ ಪದವಿ ಇರುವುದರಿಂದ ಆಯ್ಕೆಯಾಗದಿದ್ದರೂ ಹುಡುಗ ಬೀದಿಗೆ ಬೀಳುವುದಿಲ್ಲ. ಇದರಲ್ಲಿ ಬರುವವರಿಗೆ ಅಲ್ಪಾವಧಿ ಸೇವೆ, ಹಾರಾಟ ಶಾಖೆಯಲ್ಲಿ 14 ವರ್ಷ.

ಮೂರನೆಯದು ಅಗ್ನಿವೀರವಾಯು. ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ನಾಲ್ಕನೇ ವರ್ಷ 40 ಸಾವಿರ. ಅದರಲ್ಲಿ ಶೇ 30 ಸೇವಾನಿಧಿಗೆ ಹೋಗುತ್ತದೆ, ಅಷ್ಟೇ ಮೊತ್ತ ಸರ್ಕಾರ ಸೇರಿಸುತ್ತದೆ. ಹೊರಬರುವಾಗ ಸುಮಾರು 10.04 ಲಕ್ಷ ಮತ್ತು ಬಡ್ಡಿ. ಪಿಂಚಣಿ ಇಲ್ಲ. ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಈ ಷರತ್ತು ಕೇಳಿ ನಿಮ್ಮ ಮನೆಯವರು ಅಷ್ಟು ಬೇಸರ ಪಡಲಾರರು ಎಂದುಕೊಂಡಿದ್ದೇನೆ. ಖಾಯಂ ಸೇವೆಗೆ ತೆಗೆದುಕೊಳ್ಳುವುದು ಶೇ 25ರವರೆಗೆ. ಅಂದರೆ ನಾಲ್ವರಲ್ಲಿ ಮೂವರು 22ರ ಹೊತ್ತಿಗೆ ಮನೆಗೆ ಬರುತ್ತಾರೆ. 2022ರ ಕೊನೆಗೆ ತರಬೇತಿಗೆ ಸೇರಿದ ಮೊದಲ ತಂಡದ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ.

ಇದನ್ನು ಕೀಳಾಗಿ ನೋಡಬೇಡಿ. ವಿಮಾನದ ಬಳಿ ನಿಲ್ಲುವ ಕೆಲಸ ಬಹಳ ಬಗೆಯದು. ನಿಮ್ಮ ಮುಧೋಳದ ನಾಯಿಗಳಿಗೂ ಅಲ್ಲಿ ಕೆಲಸ ಸಿಕ್ಕಿದೆ: 2021ರಲ್ಲಿ ತಿಮ್ಮಾಪುರದ ಕೇಂದ್ರದಿಂದ ವಾಯುಪಡೆಗೆ ಮರಿಗಳು ಹೋದದ್ದು ರನ್‌ವೇ ಮೇಲಿನ ಹಕ್ಕಿಗಳನ್ನು ಓಡಿಸಲು. ಹಕ್ಕಿಯೊಂದು ಇಂಜಿನ್ನಿಗೆ ಸಿಕ್ಕರೆ ಕೋಟಿಗಟ್ಟಲೆ ಬೆಲೆಯ ವಿಮಾನ ಹೋಗುತ್ತದೆ. ನೆಲದವನ ಕೈ ತಪ್ಪಿದರೂ ಅಷ್ಟೇ. ಆದರೆ ಹುಡುಗನ ಮನಸ್ಸಿನಲ್ಲಿರುವುದು ಹಾರಿಸುವುದೇ ಆದರೆ, ಅಗ್ನಿವೀರವಾಯು ಅವನಿಗೆ ಮೆಟ್ಟಿಲಲ್ಲ, ಸುತ್ತುದಾರಿ. 18ಕ್ಕೆ ಸೇರಿ 22ಕ್ಕೆ ಹೊರಬಂದವನಿಗೆ ಎಎಫ್‌ಕ್ಯಾಟ್ ಹಾರಾಟ ಶಾಖೆಗೆ ಎರಡು ವರ್ಷ ಉಳಿದಿರುತ್ತದೆ. ಅಷ್ಟರೊಳಗೆ ಪದವಿ ಕೈಯಲ್ಲಿರಬೇಕು. ಹಗಲು ಡ್ಯೂಟಿ, ರಾತ್ರಿ ಗಾರ್ಡ್ ಮಾಡುತ್ತ ದೂರಶಿಕ್ಷಣದಲ್ಲಿ ಶೇ 60 ತೆಗೆಯುವವರನ್ನು ನೋಡಿದ್ದೇನೆ, ಕಡಿಮೆ ಜನ.

ನನ್ನನ್ನು ಕೇಳಿದರೆ: ಈಗ ಎನ್‌ಡಿಎ ಬರೆಯಲಿ. ಜೊತೆಗೇ ಪದವಿಗೆ ಸೇರಲಿ. ಮನೆಯಲ್ಲಿ ದುಡಿಮೆಯ ತುರ್ತು ಇದ್ದರೆ ಮಾತ್ರ ಅಗ್ನಿವೀರವಾಯು ಮೊದಲು. ಅದಕ್ಕೆ 21ರವರೆಗೆ ಅವಕಾಶ ಇರುವುದರಿಂದ ಅವಸರವಿಲ್ಲ.

ಇದೆಲ್ಲಕ್ಕೂ ಮೊದಲು ಒಳ್ಳೆಯ ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ದೃಷ್ಟಿಯ ಜೊತೆಗೆ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ಎರಡು ವರ್ಷ ಓದಿ, ಆಯ್ಕೆಯಾಗಿ, ಕೊನೆಗೆ ವೈದ್ಯಕೀಯ ತಪಾಸಣೆಯಲ್ಲಿ ತಾನು ಕೆಂಪು-ಹಸಿರು ಸರಿಯಾಗಿ ಕಾಣಲಾರೆ ಎಂದು ಮೊದಲ ಸಲ ತಿಳಿದುಕೊಂಡ ಹುಡುಗರು ಅತ್ತದ್ದನ್ನು ಕಂಡಿದ್ದೇನೆ. ಕನ್ನಡಕ ಬಂದಿದ್ದರೆ ‘ಲೇಸರ್ ಮಾಡಿಸಿಬಿಡಿ, ಯಾರಿಗೂ ತಿಳಿಯುವುದಿಲ್ಲ’ ಎನ್ನುವವರ ಮಾತು ಕೇಳಬೇಡಿ. ತಪಾಸಣೆಯಲ್ಲಿ ತಿಳಿಯುತ್ತದೆ, ಮತ್ತು 20 ತುಂಬುವ ಮುನ್ನ ಆ ಶಸ್ತ್ರಚಿಕಿತ್ಸೆ ಮಾಡಿಸಿದವರನ್ನು ತೆಗೆದುಕೊಳ್ಳುವುದಿಲ್ಲ.

ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹುಡುಗನ ಹೆಸರು, ನಿಮ್ಮ ಹೆಸರು, ಹುಟ್ಟಿದ ದಿನ ಅಕ್ಷರಕ್ಕಕ್ಷರ ಒಂದೇ ಇವೆಯೇ ಎಂದು ಇವತ್ತೇ ನೋಡಿ. ನಮ್ಮ ಕಡೆ ಒಂದರಲ್ಲಿ ಊರಿನ ಹೆಸರು ಅಡ್ಡಹೆಸರಾಗಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ತಿದ್ದಿಸಲು ತಿಂಗಳುಗಳೇ ಹಿಡಿಯುತ್ತವೆ. ಅರ್ಜಿಯ ಕೊನೆಯ ದಿನ ಅಷ್ಟು ಕಾಯುವುದಿಲ್ಲ.